ನಾಗೇಶ್ ಕನ್ನಡದವರಾ? ತಿಪಟೂರಿನ ಅತ್ತೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ತಿಪಟೂರಿನ ನಿವೃತ್ತ ಶಿಕ್ಷಕಿ. ಸೊಸೆ ಸೇಲಂ ಕಡೆಯವಳು. ರಾತ್ರಿ ಊಟ ಆದ ಮೇಲೆ ಹಳೇ ತಮಿಳು ಸಿನಿಮಾ ಹಾಕಿಕೊಂಡು ಕೂರುತ್ತಾಳೆ. ನನಗೆ ತಮಿಳು ಅರ್ಧಂಬರ್ಧ. ಆದರೆ ನಾಗೇಶ್ ಅನ್ನೋ ಆ ಸಣಕಲು ಮನುಷ್ಯ ಬಂದರೆ ಸಾಕು, ಮಾತು ಅರ್ಥ ಆಗದಿದ್ದರೂ ನಗು ಬರುತ್ತದೆ. "ಅತ್ತೆ, ಅವರು ನಿಮ್ಮ ಕನ್ನಡದವರೇ" ಅಂತಾಳೆ ಸೊಸೆ. ಹೌದಾ? ಇನ್ನೊಂದು ವಿಷಯ. ಅವಳ ಅಪ್ಪ ನಾಗೇಶ್ ಬಗ್ಗೆ ಮಾತಾಡುವುದು ಕೇಳಿದರೆ ಶಿವಾಜಿ ಗಣೇಶನ್ ಬಗ್ಗೆ ಮಾತಾಡಿದ ಹಾಗೇ ಇರುತ್ತದೆ. ಹಾಸ್ಯನಟನಿಗೆ ಇಷ್ಟೊಂದು ಮರ್ಯಾದೆ ಯಾಕೆ? ಸರಿಯಾಗಿ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಸೊಸೆ ಹೇಳಿದ್ದು ಮುಕ್ಕಾಲು ನಿಜ ಟೀಚರಮ್ಮ. ನಾಗೇಶ್ ಅವರ ಮನೆಮಾತು ಕನ್ನಡ. ಹುಟ್ಟಿದ್ದು 1933ರ ಸೆಪ್ಟೆಂಬರ್ 27ರಂದು, ಧಾರಾಪುರಂನಲ್ಲಿ. ಆಗ ಅದು ಕೊಯಮತ್ತೂರು ಜಿಲ್ಲೆ, ಈಗ ತಿರುಪ್ಪೂರು ಜಿಲ್ಲೆ. ಕನ್ನಡ ಮಾತಾಡುವ ಮಾಧ್ವ ಕುಟುಂಬ. ತಾಯಿ ರುಕ್ಮಿಣಿ, ತಂದೆ ಕೃಷ್ಣರಾವ್. ಮನೆಯವರಿಗೆ, ಊರಿನ ಗೆಳೆಯರಿಗೆ ಹುಡುಗ ಗುಂಡೂರಾವ್. ತಂದೆ ರೈಲ್ವೆಯವರು, ನಮ್ಮ ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು. ನಿಮ್ಮ ಊರಿನಿಂದ ರೈಲು ಹತ್ತಿದರೆ ಅರ್ಧ ಗಂಟೆ, ಅಷ್ಟೇ.

ಇಲ್ಲಿ ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ನಮ್ಮ ನರಸಿಂಹರಾಜು ನಿಮ್ಮ ತಿಪಟೂರಿನವರು. ಟಿ.ಎನ್. ಬಾಲಕೃಷ್ಣ ಅರಸೀಕೆರೆಯವರು. ನಾಗೇಶ್ ಅವರ ತಂದೆ ಕೆಲಸ ಮಾಡಿದ್ದೂ ಅರಸೀಕೆರೆಯಲ್ಲಿ. ಆ ತೆಂಗಿನ ಸೀಮೆಯ ಗಾಳಿಯಲ್ಲಿ ಏನೋ ಇದೆ ಅಂತ ಸುಮ್ನೆ ಅನಿಸುತ್ತದೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಬಿಡಿ.

ಉಳಿದ ಕಾಲುಭಾಗದ ಮಾತು ಹೀಗೆ. ಧಾರಾಪುರಂ, ಕೊಯಮತ್ತೂರು, ಸೇಲಂ, ಕುಂಭಕೋಣ, ಈ ಕಡೆಗಳಲ್ಲೆಲ್ಲ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡುವ ಕುಟುಂಬಗಳು ತಲೆತಲಾಂತರದಿಂದ ಇವೆ. ಅವರಿಗೆ ತಮಿಳು ಕಲಿತ ಭಾಷೆ ಅಲ್ಲ, ಬೆಳೆದ ಭಾಷೆ. ನಾಗೇಶ್ ಅಭಿನಯದ ಭಾಷೆ ಪೂರ್ತಿ ತಮಿಳು. ಮದ್ರಾಸಿನ ಬೀದಿ ತಮಿಳು, ಬ್ರಾಹ್ಮಣರ ಮನೆಯ ತಮಿಳು, ಪುರಾಣದ ತಮಿಳು, ಎಲ್ಲವನ್ನೂ ಒಂದೇ ನಾಲಿಗೆಯಲ್ಲಿ ಹೊರಳಿಸುತ್ತಿದ್ದರು. ಹಾಗಾಗಿ "ನಮ್ಮವರು" ಅಂತ ಹೆಮ್ಮೆ ಪಡಿ. ಆದರೆ ಸೊಸೆಯ ಅಪ್ಪನ ಹತ್ತಿರ ಈ ವಾದಕ್ಕೆ ಇಳಿಯಬೇಡಿ. ಸೋಲುತ್ತೀರಿ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಹಾಸ್ಯನಟನಿಗೆ ಇಷ್ಟು ಮರ್ಯಾದೆ ಯಾಕೆ?

ನಾನು ಹಳೇ ದಕ್ಷಿಣ ಭಾರತದ ಸಿನಿಮಾಗಳ ಬಗ್ಗೆ ಬರೆಯಲು ಶುರು ಮಾಡಿ ಬಹಳ ವರ್ಷ ಆಯಿತು. ನಾಗೇಶ್ ಬಗ್ಗೆ ಯಾರು ಕೇಳಿದರೂ ಜನ ಕೊಡುವ ಉತ್ತರ ಒಂದೇ: "ಟೈಮಿಂಗ್." ಸುಳ್ಳೇನಲ್ಲ. ಆದರೆ ಟೈಮಿಂಗ್ ಇದ್ದ ಹಾಸ್ಯನಟರು ಬೇಕಾದಷ್ಟು ಜನ ಬಂದು ಹೋಗಿದ್ದಾರೆ. ನನ್ನ ಲೆಕ್ಕದಲ್ಲಿ ನಾಗೇಶ್ ಅವರ ಗುಟ್ಟು ಬೇರೆ. ಅವರ ದೊಡ್ಡ ಪಾತ್ರಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಹೆಚ್ಚುಕಮ್ಮಿ ಎಲ್ಲರೂ ಇನ್ನೊಬ್ಬರ ಹಂಗಿನಲ್ಲಿ ಬದುಕುವವರು. ಹೋಟೆಲಿನಲ್ಲಿ ತಟ್ಟೆ ಎತ್ತುವವನು. ವಠಾರದ ಮೆಟ್ಟಿಲ ಕೆಳಗೆ ಮಲಗುವ ಅನಾಥ. ರಾಜನ ಬಹುಮಾನಕ್ಕೆ ಬಾಯಿಬಿಟ್ಟು ನಿಂತ ಬಡ ಕವಿ. ಜಮೀನ್ದಾರರ ಬಾಗಿಲಲ್ಲಿ ಹಲ್ಲು ಕಿರಿಯುವ ದಲ್ಲಾಳಿ. ಅಪ್ಪನ ದುಡ್ಡಿನಲ್ಲಿ ಸಿನಿಮಾ ತೆಗೆಯಲು ಹೊರಟ ಮಗ. ಹಂಗು ಅನ್ನೋದು ಮನುಷ್ಯನ ಮೈಯನ್ನು ಏನು ಮಾಡುತ್ತದೆ, ಬೆನ್ನು ಹೇಗೆ ಬಾಗುತ್ತದೆ, ಕಣ್ಣು ಹೇಗೆ ಎದುರಿನವರ ಕೈಯನ್ನೇ ನೋಡುತ್ತದೆ, ಇದನ್ನು ಅವರಷ್ಟು ಚೆನ್ನಾಗಿ ತೋರಿಸಿದ ನಟ ನಮ್ಮ ದಕ್ಷಿಣದಲ್ಲಿ ಇನ್ನೊಬ್ಬರಿಲ್ಲ. ನಾವು ನಗುತ್ತೇವೆ, ಯಾಕೆಂದರೆ ಆ ಬೆನ್ನು ನಮಗೆ ಗೊತ್ತು.

ಅವರಿಗೂ ಗೊತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಸಿಡುಬು ಬಂದು ಮುಖದ ತುಂಬ ಕಲೆ ಉಳಿಯಿತು. ಮದ್ರಾಸಿಗೆ ಬಂದು ರೈಲ್ವೆಯಲ್ಲಿ ಗುಮಾಸ್ತನಾದರು. ಇದ್ದದ್ದು ಟಿ. ನಗರದಲ್ಲಿ, ಸಿನಿಮಾ ಆಸೆ ಹೊತ್ತ ಇನ್ನಿಬ್ಬರ ಜೊತೆ ಒಂದು ರೂಮಿನಲ್ಲಿ. ಒಬ್ಬರು ಶ್ರೀರಂಗದಿಂದ ಬಂದ ವಾಲಿ, ಆಮೇಲೆ ದೊಡ್ಡ ಗೀತರಚನೆಕಾರರಾದರು. ಇನ್ನೊಬ್ಬರು ನಟ ಶ್ರೀಕಾಂತ್. ಒಬ್ಬರಿಗೆ ಸಂಬಳ ಬಂದರೆ ಮೂವರ ಹೊಟ್ಟೆ ನಡೆಯಬೇಕು, ಅಂಥ ದಿನಗಳು. ಈ ಮೂರು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ರೈಲ್ವೆ ನೌಕರರು ನಾಟಕ ಆಡುತ್ತಿದ್ದರು. ಅದನ್ನು ನೋಡಿ ನಾಗೇಶ್‌ಗೆ ತಾನೂ ಮಾಡಬಲ್ಲೆ ಅನಿಸಿತು. ಕಾಡಿ ಬೇಡಿ ಸಿಕ್ಕಿದ್ದು ಹೊಟ್ಟೆನೋವಿನ ರೋಗಿಯ ಪಾತ್ರ, ಕೆಲವೇ ನಿಮಿಷದ್ದು. ವೇದಿಕೆ ಮೇಲೆ ಹೊಟ್ಟೆ ಹಿಡಿದುಕೊಂಡು ಆ ಸಣಕಲು ದೇಹವನ್ನು ಹೇಗೆ ತಿರುಚಿದರೋ, ನೋಡಿದವರು ನಕ್ಕು ಸುಸ್ತಾದರು. ಆವತ್ತಿನ ಮುಖ್ಯ ಅತಿಥಿ ಎಂ.ಜಿ.ಆರ್. ಭಾಷಣದಲ್ಲಿ ಆ ರೋಗಿಯನ್ನು ಹೊಗಳಿ ಹೋದರು. ಗುಮಾಸ್ತನಿಗೆ ಧೈರ್ಯ ಬರಲು ಅಷ್ಟು ಸಾಕಾಯಿತು.

ಮೊದಲ ಸಿನಿಮಾ 1958ರ 'ಮನಮುಳ್ಳ ಮರತಾರಂ'. ಅಲ್ಲಿಂದ ಆರು ವರ್ಷ ಹೆಚ್ಚಾಗಿ ಸಣ್ಣಪುಟ್ಟ ಪಾತ್ರಗಳು. ಆ ಭಾಗವನ್ನು ಹಾರಿಸುತ್ತೇನೆ. 1964 ಬಂತು, ಎಲ್ಲ ಬದಲಾಯಿತು.

ಆ ವರ್ಷ ಶ್ರೀಧರ್ ನಿರ್ದೇಶನದ 'ಕಾದಲಿಕ್ಕ ನೇರಮಿಲ್ಲೈ' ಬಂತು. ಬಣ್ಣದ ಚಿತ್ರ, ಪೂರ್ತಿ ಹಾಸ್ಯ. ಇದರಲ್ಲಿ ನಾಗೇಶ್ ಚೆಲ್ಲಪ್ಪ. ಶ್ರೀಮಂತ ಅಪ್ಪನ ಮಗ, 'ಓಹೋ ಪ್ರೊಡಕ್ಷನ್ಸ್' ಅಂತ ಬೋರ್ಡು ಹಾಕಿಕೊಂಡು ಸಿನಿಮಾ ತೆಗೆಯಲು ಹೊರಟವನು. ಕೈಯಲ್ಲಿ ಕಾಸಿಲ್ಲ, ಅಪ್ಪನೇ ಕೊಡಬೇಕು. ಅಪ್ಪ ಟಿ.ಎಸ್. ಬಾಲಯ್ಯ. ಒಂದು ದೃಶ್ಯದಲ್ಲಿ ಮಗ ಅಪ್ಪನಿಗೆ ತನ್ನ ದೆವ್ವದ ಸಿನಿಮಾದ ಕಥೆ ಹೇಳುತ್ತಾನೆ. ಅಷ್ಟೇ ದೃಶ್ಯ. ದೆವ್ವ ಇಲ್ಲ, ಕತ್ತಲೆ ಇಲ್ಲ, ಮನೆಯೊಳಗೆ ಇಬ್ಬರು, ಅಷ್ಟೇ. ಬಾಗಿಲು ಕಿರುಗುಟ್ಟುವುದು, ಹೆಜ್ಜೆ ಸಪ್ಪಳ, ಗಾಳಿ, ಎಲ್ಲವೂ ನಾಗೇಶ್ ಬಾಯಲ್ಲೇ. ಬಾಲಯ್ಯ ಒಂದೊಂದೇ ಗೆಣ್ಣು ಕುಗ್ಗುತ್ತಾ ಕುರ್ಚಿಯಲ್ಲಿ ಮುದುಡುತ್ತಾರೆ. ಮಗ ಇನ್ನಷ್ಟು ಹತ್ತಿರ ಬಂದು ಇನ್ನಷ್ಟು ಮೆಲ್ಲಗೆ ಹೇಳುತ್ತಾನೆ. ನಗು ಹುಟ್ಟುವುದು ನಾಗೇಶ್ ಬಾಯಲ್ಲಿ, ಸಿಡಿಯುವುದು ಬಾಲಯ್ಯನವರ ಮುಖದಲ್ಲಿ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ: ಎದುರಿನ ನಟ ಗೆಲ್ಲುವ ಹಾಗೆ ಆಡುವುದು ನಾಗೇಶ್ ಅಭ್ಯಾಸ. ಹಾಗೆ ಮಾಡಿಯೇ ದೃಶ್ಯವನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಈ ಕಥೆ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಿದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ 1979ರಲ್ಲಿ ಬಂದ 'ಪ್ರೀತಿ ಮಾಡು ತಮಾಷೆ ನೋಡು' ಇದೇ ಕಥೆ. ನಾಗೇಶ್ ಜಾಗದಲ್ಲಿ ದ್ವಾರಕೀಶ್.

ಅದೇ 1964ರ ಕೊನೆಯಲ್ಲಿ 'ಸರ್ವರ್ ಸುಂದರಂ'. ತಮಿಳರು ಸರ್ವರ್ ಅನ್ನುವುದು ನಮ್ಮ ಸಪ್ಲೈಯರ್‌ಗೆ, ಹಿಂದಿನವರು ಮಾಣಿ ಅನ್ನುತ್ತಿದ್ದರಲ್ಲ, ಅವನಿಗೆ. ಬರೆದವರು ಕೆ. ಬಾಲಚಂದರ್. ಆಗ ಅವರು ಮದ್ರಾಸಿನ ಅಕೌಂಟೆಂಟ್ ಜನರಲ್ ಆಫೀಸಿನಲ್ಲಿ ನೌಕರರು, ಸಂಜೆ ಹೊತ್ತು ನಾಟಕದವರು. ಮೊದಲು ನಾಟಕವಾಗಿ ಆಡಿದ್ದನ್ನು ಎ.ವಿ.ಎಂ. ಸ್ಟುಡಿಯೊ ಸಿನಿಮಾ ಮಾಡಿತು, ಕೃಷ್ಣನ್-ಪಂಜು ನಿರ್ದೇಶಿಸಿದರು. ನೋಡಿ, ಎ.ಜಿ. ಆಫೀಸಿನವರು ಒಬ್ಬರು, ರೈಲ್ವೆ ಗುಮಾಸ್ತರು ಒಬ್ಬರು. ಆ ಕಾಲದ ತಮಿಳು ಸಿನಿಮಾ ಹೊಸ ರಕ್ತ ಪಡೆದದ್ದು ಸರ್ಕಾರಿ ಕಚೇರಿಯ ಮೇಜುಗಳಿಂದ.

ಹೋಟೆಲ್ ಹುಡುಗ ಸುಂದರಂ ಅದೃಷ್ಟ ಖುಲಾಯಿಸಿ ಸಿನಿಮಾ ಸ್ಟಾರ್ ಆಗುತ್ತಾನೆ. ಆದರೆ ಅವನು ಪ್ರೀತಿಸಿದ ಹುಡುಗಿಗೆ (ಕೆ.ಆರ್. ವಿಜಯಾ) ಇಷ್ಟವಾದವನು ಅವನ ಗೆಳೆಯ (ಮುತ್ತುರಾಮನ್). ಹೆಸರು ಸುಂದರಂ, ಮುಖ ಸುಂದರ ಅಲ್ಲ, ಅದೇ ಕಥೆಯ ಮುಳ್ಳು. ಆ ಸಿಡುಬಿನ ಕಲೆಗಳನ್ನು ಮೇಕಪ್ಪಿನಲ್ಲಿ ಮುಚ್ಚಿ ಹೀರೊ ಮಾಡಲು ಯಾರೂ ಹೋಗಲಿಲ್ಲ. ಕಥೆ ಆ ಮುಖದ ಮೇಲೇ ನಿಂತಿತು. ಇದು 1964ರಲ್ಲಿ, ಎಂ.ಜಿ.ಆರ್. ಗುಲಾಬಿ ಬಣ್ಣ ಮತ್ತು ಶಿವಾಜಿ ಗಾಂಭೀರ್ಯ ಪರದೆ ತುಂಬಿದ್ದ ಕಾಲದಲ್ಲಿ ಅನ್ನೋದು ನೆನಪಿರಲಿ. ಚಿತ್ರದ ಕೊನೆಯಲ್ಲಿ ಸುಂದರಂ ಸ್ಟಾರ್ ಪಟ್ಟ ಬಿಟ್ಟು ಮತ್ತೆ ಹೋಟೆಲ್ ಕೆಲಸಕ್ಕೇ ಹೋಗುತ್ತಾನೆ. ಆ ಕೆಲಸದಲ್ಲೂ ಹಂಗು ಇದೆ, ಆದರೆ ಯಾರ ಹಂಗು ಅನ್ನೋದು ಅವನಿಗೆ ಗೊತ್ತಿದೆ. ಈ ಸಿನಿಮಾದಲ್ಲಿ ಒಂದು ಹಾಡಿನ ರೆಕಾರ್ಡಿಂಗನ್ನೇ ಹಾಡಿನ ಚಿತ್ರೀಕರಣದೊಳಗೆ ತಂದಿದ್ದಾರೆ. ಎಂ.ಎಸ್. ವಿಶ್ವನಾಥನ್ ವಾದ್ಯದವರ ಮುಂದೆ ಕೈಯಾಡಿಸುವುದು, ಟಿ.ಎಂ. ಸೌಂದರರಾಜನ್ ಮೈಕಿನ ಮುಂದೆ ನಿಂತು ಹಾಡುವುದು ಕಣ್ಣಾರೆ ಕಾಣುತ್ತದೆ. ಹಾಡು ಹೇಗೆ ತಯಾರಾಗುತ್ತಿತ್ತು ಅನ್ನೋ ಕುತೂಹಲ ಇದ್ದರೆ ಆ ನಾಲ್ಕು ನಿಮಿಷವನ್ನು ತಪ್ಪಿಸಬೇಡಿ.

ಮುಂದಿನ ವರ್ಷ, 1965ರಲ್ಲಿ, ಬಾಲಚಂದರ್ ತಾವೇ ನಿರ್ದೇಶಕರಾದರು. ಮೊದಲ ಚಿತ್ರ 'ನೀರ್ಕುಮಿಳಿ', ಅಂದರೆ ನೀರ ಮೇಲಿನ ಗುಳ್ಳೆ. ನಾಯಕ ನಾಗೇಶ್, ಆಸ್ಪತ್ರೆಯಲ್ಲಿ ಎಲ್ಲರನ್ನೂ ನಗಿಸುತ್ತಾ ಸಾವಿನ ಹತ್ತಿರ ಹೋಗುವ ರೋಗಿ. ಚೆನ್ನಾಗಿದೆ, ಆದರೆ ಇವತ್ತು ನೋಡಿದರೆ ನಾಟಕದ ವಾಸನೆ ಹೊಡೆಯುತ್ತದೆ. ಮೊದಲು ನೋಡುವ ಪಟ್ಟಿಯಲ್ಲಿ ನಾನು ಇಡುವುದಿಲ್ಲ.

ನಾನು ಇಡುವುದು ಅದೇ ವರ್ಷದ 'ತಿರುವಿಳೈಯಾಡಲ್'. ಎ.ಪಿ. ನಾಗರಾಜನ್ ಅವರ ಪೌರಾಣಿಕ. ಶಿವಾಜಿ ಗಣೇಶನ್ ಶಿವ. ನಾಗೇಶ್ ಧರುಮಿ ಅನ್ನೋ ಬಡ ಕವಿ. ಮಧುರೆಯ ಪಾಂಡ್ಯ ರಾಜನಿಗೆ ಒಂದು ಸಂದೇಹ: ಹೆಣ್ಣಿನ ಕೂದಲಿಗೆ ಪರಿಮಳ ಹುಟ್ಟಿನಿಂದಲೇ ಬರುತ್ತದೆಯೋ, ಹೂವು ಗಂಧದಿಂದ ಬರುತ್ತದೆಯೋ? ಸಂದೇಹ ಬಿಡಿಸುವ ಪದ್ಯ ತಂದವರಿಗೆ ಸಾವಿರ ಹೊನ್ನು. ಧರುಮಿಗೆ ಪದ್ಯ ಬರೆಯಲು ಬಾರದು, ಹೊನ್ನು ಬೇಕು. ದೇವಸ್ಥಾನದಲ್ಲಿ ಒಬ್ಬನೇ ಅಡ್ಡಾಡುತ್ತಾ, ಕಂಬಕ್ಕೂ ಗಾಳಿಗೂ ದೂರು ಹೇಳುತ್ತಾ, ಸಾವಿರ ಹೊನ್ನು ಸಾವಿರ ಹೊನ್ನು ಅಂತ ಗೋಳಾಡುತ್ತಾನೆ. ಶಿವ ಕವಿಯ ವೇಷದಲ್ಲಿ ಬಂದು ಪದ್ಯ ಕೊಡುತ್ತಾನೆ. ಕೊಡುವ ಮೊದಲು ಇಬ್ಬರ ನಡುವೆ ಪ್ರಶ್ನೋತ್ತರ. ಪ್ರಶ್ನೆ ಕೇಳುವುದು ಧರುಮಿ, ಯಾಕೆಂದರೆ ಅವನಿಗೆ ಕೇಳಲಷ್ಟೇ ಗೊತ್ತು, ಉತ್ತರ ಗೊತ್ತಿಲ್ಲ.

ಆಮೇಲೆ ಆಸ್ಥಾನ. ಪದ್ಯ ಓದಿದ್ದಾಯಿತು, ರಾಜ ತಲೆದೂಗಿದ್ದಾಯಿತು. ಹೊನ್ನಿಗೆ ಕೈ ಚಾಚುವ ಹೊತ್ತಿಗೆ ಆಸ್ಥಾನದ ಕವಿ ನಕ್ಕೀರರು ಎದ್ದು ಪದ್ಯದಲ್ಲಿ ತಪ್ಪಿದೆ ಅನ್ನುತ್ತಾರೆ. (ನಕ್ಕೀರರಾಗಿ ಆಡಿದವರು ನಿರ್ದೇಶಕ ನಾಗರಾಜನ್ ಅವರೇ.) ಆಗ ಧರುಮಿ ಹೇಳುವ ಮಾತಿನ ಸಾರ ಇಷ್ಟು: ತಪ್ಪು ಎಷ್ಟಿದೆಯೋ ಅಷ್ಟು ದುಡ್ಡು ಹಿಡಿದುಕೊಂಡು ಉಳಿದದ್ದು ಕೊಡಿ. ಇಡೀ ಸಭೆ ಸಾಹಿತ್ಯದ ಬಗ್ಗೆ ಯೋಚಿಸುತ್ತಿದೆ, ಇವನೊಬ್ಬ ತರಕಾರಿ ಅಂಗಡಿಯಲ್ಲಿ ಕೊಳೆತ ಬದನೆಕಾಯಿ ಲೆಕ್ಕ ಹಾಕುವ ಹಾಗೆ ಹಾಕುತ್ತಿದ್ದಾನೆ. ನಾನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ನಗು ಬಂದ ಮೇಲೆ ಅವನ ಮನೆಯಲ್ಲಿ ಅವತ್ತು ಒಲೆ ಉರಿದಿತ್ತೋ ಇಲ್ಲವೋ ಅಂತ ಯೋಚನೆ ಬರುತ್ತದೆ.

ಈ ದೃಶ್ಯದ ಬಗ್ಗೆ ಮದ್ರಾಸಿನ ಸಿನಿಮಾ ಬಡಾವಣೆ ಕೋಡಂಬಾಕ್ಕಂನಲ್ಲಿ ಇಂದಿಗೂ ಹೇಳುವ ಕಥೆ ಇದೆ. ಆಗ ನಾಗೇಶ್ ಬೆಳಿಗ್ಗೆ ಒಂದು ಸ್ಟುಡಿಯೊ, ಮಧ್ಯಾಹ್ನ ಇನ್ನೊಂದು ಅಂತ ಓಡುತ್ತಿದ್ದ ಕಾಲ. ಈ ಚಿತ್ರಕ್ಕೆ ಕೊಟ್ಟದ್ದು ಒಂದೂವರೆ ದಿನವಂತೆ. ಶಿವಾಜಿ ಬರುವುದು ತಡ ಆಯಿತು, ಅಲ್ಲಿಯವರೆಗೆ ಒಬ್ಬನೇ ಗೋಳಾಡುವ ಭಾಗವನ್ನು ತೆಗೆದರು, ಅದನ್ನು ನಾಗೇಶ್ ನಿಂತ ನಿಲುವಿನಲ್ಲೇ ಕಟ್ಟಿಕೊಂಡರು. ಆಮೇಲೆ ಶಿವಾಜಿ ಅದನ್ನು ಹಾಕಿಸಿ ನೋಡಿದರು, ಮತ್ತೊಮ್ಮೆ ಹಾಕಿ ಅಂದರು. ನಾಗೇಶ್ ಎದೆ ಧಸಕ್ಕಂತು, ಕತ್ತರಿ ಬಿತ್ತು ಅಂದುಕೊಂಡರು. ಶಿವಾಜಿ ಹೇಳಿದ್ದು ಒಂದಡಿ ಕೂಡ ತೆಗೆಯಬೇಡಿ ಅಂತ. ಬಾಯಿಂದ ಬಾಯಿಗೆ ಬಂದ ಕಥೆ, ಒಂದಿಷ್ಟು ಒಗ್ಗರಣೆ ಸೇರಿರಬಹುದು. ಆದರೆ ನಿಮ್ಮ ಬೀಗರು ನಾಗೇಶ್ ಹೆಸರನ್ನು ಶಿವಾಜಿ ಹೆಸರಿನ ಪಕ್ಕ ಇಡುತ್ತಾರಲ್ಲ, ಅದರ ಬೇರು ಇಲ್ಲಿದೆ. ಆ ದೃಶ್ಯದಲ್ಲಿ ಶಿವನ ಎದುರು ನಿಂತ ಬಡಕಲು ಮನುಷ್ಯ ಒಂದು ಗೇಣೂ ಹಿಂದೆ ಸರಿಯಲಿಲ್ಲ. ತಮಿಳರು ಅದನ್ನು ಮರೆತಿಲ್ಲ.

1968ರಲ್ಲಿ ಅದೇ ನಾಗರಾಜನ್ 'ತಿಲ್ಲಾನಾ ಮೋಹನಾಂಬಾಳ್' ತೆಗೆದರು. ಅದು ಕೊತ್ತಮಂಗಲಂ ಸುಬ್ಬು ಅವರು 'ಆನಂದ ವಿಕಟನ್' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಥೆ. ನಾಗೇಶ್ ಇಲ್ಲಿ 'ಸವಡಾಲ್' ವೈತ್ತಿ. ನೃತ್ಯಗಾತಿ ಮೋಹನಾಳನ್ನು ದೊಡ್ಡ ಮನುಷ್ಯರ ಮನೆಗೆ ತಲುಪಿಸಲು ಹೊಂಚು ಹಾಕುವ ದಲ್ಲಾಳಿ. ನಿಜಕ್ಕೂ ಹೇಸಿಗೆಯ ಮನುಷ್ಯ. ಆದರೆ ಅವನು ಬಂದ ತಕ್ಷಣ ನಮ್ಮ ಬಾಯಿ ಅಗಲವಾಗುತ್ತದೆ, ಆಮೇಲೆ ನಗುತ್ತಿದ್ದೇವಲ್ಲ ಅಂತ ನಾಚಿಕೆಯಾಗುತ್ತದೆ. ಧರುಮಿಯ ಬಾಗಿದ ಬೆನ್ನೇ ಇಲ್ಲೂ ಇದೆ. ಅಲ್ಲಿ ಹಸಿವಿಗೆ ಬಾಗಿತ್ತು, ಇಲ್ಲಿ ದುರಾಸೆಗೆ ಬಾಗಿದೆ.

ಅದೇ ವರ್ಷ ಬಾಲಚಂದರ್ ಅವರ 'ಎದಿರ್ ನೀಚ್ಚಲ್', ಎದುರು ಈಜು. ನನ್ನನ್ನು ಒಂದೇ ಚಿತ್ರ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಒಂದು ವಠಾರ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಇರುವ ಅನಾಥ ಹುಡುಗ ಮಾದು. ಎಲ್ಲ ಮನೆಯ ಚಾಕರಿ ಅವನದೇ, ಎಲ್ಲ ಮನೆಯ ಉಳಿದ ಅನ್ನ ಅವನಿಗೇ. ನಡುವೆ ಕಾಲೇಜು ಓದು. ನೀವು ಹಾಸ್ಟೆಲಿನಲ್ಲೋ ವಾರಾನ್ನದಲ್ಲೋ ಓದಿದ ಮಕ್ಕಳಿಗೆ ಪಾಠ ಮಾಡಿರುತ್ತೀರಿ, ಮಾದು ಯಾರು ಅಂತ ನಿಮಗೆ ವಿವರಿಸಬೇಕಿಲ್ಲ. ಯಾರಾದರೂ ಕರೆದರೆ ಸಾಕು, ಅವನ ದೇಹ ಅವನಿಗಿಂತ ಮೊದಲು ಓಡುತ್ತದೆ. ಮುಖದಲ್ಲಿ ಇನ್ನೂ ಬೇರೆ ಯೋಚನೆ ಇರುವಾಗಲೇ ಕಾಲು ಹೊರಟಿರುತ್ತದೆ.

ಆಗಲೇ ಮೂರು ಹೆಸರು ನೆನಪಿಟ್ಟುಕೊಳ್ಳಿ ಅಂದೆನಲ್ಲ. ಈ ಚಿತ್ರಕ್ಕೆ ಹಾಡು ಬರೆದವರು ವಾಲಿ. ವಠಾರದ ಕಿಟ್ಟು ಮಾಮನಾಗಿ ಆಡಿದವರು ಶ್ರೀಕಾಂತ್. ಒಂದು ಕಾಲದಲ್ಲಿ ಒಂದೇ ರೂಮಿನಲ್ಲಿ ಅರೆಹೊಟ್ಟೆ ಮಲಗಿದ್ದ ಮೂವರೂ ಬಾಡಿಗೆ ಮನೆಯ ಕಥೆಯೊಂದರಲ್ಲಿ ಹೀಗೆ ಸೇರಿದರು. ಎದುರು ಈಜಿ ಗೆಲ್ಲು ಅನ್ನೋ ಅರ್ಥದ ಹಾಡನ್ನು ವಾಲಿ ಬರೆಯುವಾಗ ಕಣ್ಣ ಮುಂದೆ ಯಾವ ರೂಮು ಬಂದಿರಬಹುದು, ನೀವೇ ಊಹಿಸಿ.

ನಿಮಗೆ ಖುಷಿ ಕೊಡುವ ಇನ್ನೊಂದು ವಿಷಯ. ಈ ಚಿತ್ರದಲ್ಲಿ ಪಾರು ಆಗಿ ಆಡಿದವರು ನಮ್ಮ ಜಯಂತಿ. ಬಳ್ಳಾರಿಯ ಹುಡುಗಿ, ನಮ್ಮ ಅಭಿನಯ ಶಾರದೆ. ಹಿಂದಿನ ವರ್ಷದ 'ಭಾಮಾ ವಿಜಯಂ'ನಲ್ಲೂ ನಾಗೇಶ್ ಹೆಂಡತಿ ಪಾತ್ರ ಜಯಂತಿಯದೇ. ಮನೆಮಾತು ಕನ್ನಡದ ನಟ, ಕನ್ನಡದ ನಟಿ, ಇಬ್ಬರೂ ಅಪ್ಪಟ ಮದ್ರಾಸ್ ತಮಿಳಿನಲ್ಲಿ ಜಗಳ ಆಡುತ್ತಾರೆ. ಕ್ಯಾಮೆರಾ ನಿಂತ ಮೇಲೆ ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ ಏನೋ! ಆಗ ಕನ್ನಡ ಚಿತ್ರಗಳೂ ಬಹುಪಾಲು ಮದ್ರಾಸಿನಲ್ಲೇ ತಯಾರಾಗುತ್ತಿದ್ದವು. ರಾಜಕುಮಾರ್, ನರಸಿಂಹರಾಜು, ಬಾಲಣ್ಣ ಎಲ್ಲರೂ ಅದೇ ಸ್ಟುಡಿಯೊಗಳ ಹಾದಿ ತುಳಿದವರು.

ಹಿಂದಿಯವರಿಗೂ ನಾಗೇಶ್ ಪಾತ್ರಗಳು ಗೊತ್ತು, ಆದರೆ ಅಲ್ಲಿಯ ಹಾಸ್ಯನಟ ಮೆಹಮೂದ್ ಹೆಸರಿನಲ್ಲಿ. 'ಕಾದಲಿಕ್ಕ ನೇರಮಿಲ್ಲೈ' ಹಿಂದಿಯಲ್ಲಿ 'ಪ್ಯಾರ್ ಕಿಯೇ ಜಾ' ಆಯಿತು, 'ಸರ್ವರ್ ಸುಂದರಂ' 'ಮೈ ಸುಂದರ್ ಹೂಂ' ಆಯಿತು, 'ಎದಿರ್ ನೀಚ್ಚಲ್' 'ಲಾಖೋಂ ಮೇ ಏಕ್' ಆಯಿತು, ನಾಗೇಶ್ ಎರಡು ಪಾತ್ರ ಮಾಡಿದ್ದ 'ಅನುಭವಿ ರಾಜಾ ಅನುಭವಿ' 'ದೋ ಫೂಲ್' ಆಯಿತು. ನಾಲ್ಕರಲ್ಲೂ ಮೆಹಮೂದ್. ಮೆಹಮೂದ್ ದೊಡ್ಡ ನಟರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ನೋಡುವಾಗ ಹಸಿದವನ ಪಾತ್ರವನ್ನು ಯಾರೋ ಚೆನ್ನಾಗಿ ಮಾಡುತ್ತಿದ್ದಾರೆ ಅನಿಸುತ್ತದೆ. ನಾಗೇಶ್ ನೋಡುವಾಗ ಎದ್ದು ಹೋಗಿ ತಟ್ಟೆ ಹಾಕೋಣ ಅನಿಸುತ್ತದೆ.

ಎಪ್ಪತ್ತರ ದಶಕದಲ್ಲಿ ತೇಂಗಾಯ್ ಶ್ರೀನಿವಾಸನ್, ಸುರುಳಿರಾಜನ್ ಬಂದರು. ಎಂಬತ್ತರಲ್ಲಿ ಗೌಂಡಮಣಿ-ಸೆಂದಿಲ್ ಜೋಡಿ ಬಂತು. ಹಾಸ್ಯದ ಗಾಳಿ ಬೇರೆ ಕಡೆ ಬೀಸಿತು. ನಾಗೇಶ್‌ಗೆ ಪಾತ್ರಗಳು ಕಡಿಮೆಯಾದವು. ಇದರ ನಡುವೆ 1975ರಲ್ಲಿ ಬಾಲಚಂದರ್ 'ಅಪೂರ್ವ ರಾಗಂಗಳ್' ತೆಗೆದರು. ನಮ್ಮ ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ರಜನಿಕಾಂತ್ ಆಗಿ ಮೊದಲ ಸಲ ಪರದೆಗೆ ಬಂದ ಚಿತ್ರ ಅಂತ ಎಲ್ಲರೂ ಅದನ್ನು ನೆನೆಯುತ್ತಾರೆ. ನಾನು ನೆನೆಯುವುದು ಡಾಕ್ಟರ್ ಸೂರಿಯನ್ನು. ಕುಡಿತಕ್ಕೆ ಬಿದ್ದ ಡಾಕ್ಟರ್. ಕುಡಿಯಲು ಜೊತೆಗಾರ ಇಲ್ಲ. ಗೋಡೆ ಮೇಲೆ ಬಿದ್ದ ತನ್ನದೇ ನೆರಳಿಗೆ ಗ್ಲಾಸು ತಾಗಿಸಿ ಚಿಯರ್ಸ್ ಹೇಳುತ್ತಾನೆ. ಜೀವಮಾನವಿಡೀ ಎದುರಿನ ನಟನನ್ನು ಗೆಲ್ಲಿಸಿದ ಮನುಷ್ಯ ಎದುರು ಯಾರೂ ಇಲ್ಲದಾಗ ಏನು ಮಾಡಿದ ನೋಡಿ.

ಎರಡನೇ ಇನಿಂಗ್ಸ್ ಕಮಲ್ ಹಾಸನ್ ಕೈಯಿಂದ ಬಂತು. 1989ರ 'ಅಪೂರ್ವ ಸಹೋದರರ್‌ಗಳ್'ನಲ್ಲಿ ನಾಗೇಶ್ ಖಳನಾಯಕ. ನಮ್ಮ ಹಾಸ್ಯದ ಮನುಷ್ಯನನ್ನು ವಿಲನ್ ಮಾಡಿಬಿಟ್ಟರಲ್ಲ ಅಂತ ಕೆಲವರಿಗೆ ಕಸಿವಿಸಿ ಆಗಿರಬಹುದು, ವೈತ್ತಿಯನ್ನು ಮರೆತವರಿಗೆ. ಮುಂದಿನ ವರ್ಷ 'ಮೈಕೆಲ್ ಮದನ ಕಾಮ ರಾಜನ್'ನಲ್ಲಿ ಯಜಮಾನನ ದುಡ್ಡು ನುಂಗಿ ಬೆವರುವ ಪಿ.ಎ. ಅವಿನಾಶಿ. ಮತ್ತೆ ಹಂಗಿನ ಮನುಷ್ಯ, ಈ ಸಲ ಸೂಟು ಹಾಕಿದವನು. ಅವಿನಾಶಿ ಅಂತ ಊರೂ ಇದೆ ಗೊತ್ತಾ, ಧಾರಾಪುರಂ ಇರುವ ತಿರುಪ್ಪೂರು ಜಿಲ್ಲೆಯಲ್ಲೇ.

1994ನೇ ಇಸವಿಯೇ ವಿಚಿತ್ರ. ಆ ವರ್ಷ 'ಮಹಳಿರ್ ಮಟ್ಟುಂ'ನಲ್ಲಿ ನಾಗೇಶ್ ಹೆಣ. ಹೌದು, ಹೆಣ. ಆಫೀಸಿನ ಮೂವರು ಹೆಂಗಸರು ತಮ್ಮ ಬಾಸ್ ಸತ್ತ ಅಂತ ತಪ್ಪು ತಿಳಿದು ಆಸ್ಪತ್ರೆಯಿಂದ ಬೇರೆ ಯಾರದೋ ಹೆಣ ಹೊತ್ತು ತರುತ್ತಾರೆ. ಮಾತಿಲ್ಲ, ಮುಖಭಾವ ಇಲ್ಲ, ಕೈಕಾಲು ಇತರರು ಎಳೆದ ಕಡೆ ಹೋಗಬೇಕು. ಆದರೂ ಆ ಹೆಣ ಏನೋ ಹೇಳುತ್ತಿದೆ ಅನಿಸುತ್ತದೆ. ಅದೇ ವರ್ಷ 'ನಮ್ಮವರ್'ನಲ್ಲಿ ಮಗಳ ಹೆಣದ ಮುಂದೆ ನಿಂತ ಅಪ್ಪ. ಪಾತ್ರದ ಹೆಸರು ಪ್ರಭಾಕರ ರಾವ್, ಕೃಷ್ಣರಾವ್ ಮಗನಿಗೆ ಕೊನೆಗೂ ಪರದೆ ಮೇಲೆ ಒಂದು ರಾವ್ ಸಿಕ್ಕಿತು. ಈ ಪಾತ್ರಕ್ಕೆ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು. ಸುಂದರಂಗೆ ಬರಲಿಲ್ಲ, ಧರುಮಿಗೆ ಬರಲಿಲ್ಲ, ಮಾದುವಿಗೆ ಬರಲಿಲ್ಲ. ಅತ್ತಾಗ ಬಂತು. ಹಾಸ್ಯನಟರಿಗೆ ನಮ್ಮ ದೇಶ ಪ್ರಶಸ್ತಿ ಕೊಡುವ ಕ್ರಮವೇ ಹೀಗೆ, ನಮ್ಮ ನರಸಿಂಹರಾಜು ಅವರನ್ನು ನೆನೆದರೂ ಇದೇ ಬೇಸರ. ಪದ್ಮ ಪ್ರಶಸ್ತಿಯಂತೂ ನಾಗೇಶ್‌ಗೆ ಕೊನೆಯವರೆಗೂ ಬರಲಿಲ್ಲ. ನಿಮ್ಮ ಬೀಗರ ದನಿಯಲ್ಲಿ ಮರ್ಯಾದೆಯ ಜೊತೆ ಒಂದು ಚೂರು ಸಿಟ್ಟೂ ಕೇಳಿದರೆ ಕಾರಣ ಇದು.

ಕೊನೆಯ ವರ್ಷಗಳಲ್ಲೂ ಕಮಲ್ ಚಿತ್ರಗಳಲ್ಲಿ ಸಿಗುತ್ತಾರೆ. 'ಅವ್ವೈ ಷಣ್ಮುಗಿ'ಯ ಮೇಕಪ್ ಮನುಷ್ಯ, 2008ರ 'ದಶಾವತಾರಂ'ನ ಮುದುಕ. 2009ರ ಜನವರಿ 31ರಂದು ಚೆನ್ನೈಯಲ್ಲಿ ತೀರಿಕೊಂಡರು, 75 ವರ್ಷ. ಟಿ. ನಗರದ ಪಾಂಡಿ ಬಜಾರಿನಲ್ಲಿ ತಮ್ಮದೇ ಹೆಸರಿನ ಚಿತ್ರಮಂದಿರ ಕಟ್ಟಿಸಿದ್ದರು, ಅದು ಆಮೇಲೆ ಕಲ್ಯಾಣ ಮಂಟಪ ಆಯಿತು. ನಮ್ಮ ಬಾಲಣ್ಣ ದುಡಿದದ್ದನ್ನೆಲ್ಲ ಸುರಿದು ಅಭಿಮಾನ್ ಸ್ಟುಡಿಯೊ ಕಟ್ಟಿದ್ದು ನೆನಪಾಗುತ್ತದೆ. ಪರದೆ ಮೇಲೆ ಬರೀ ಪೆಟ್ಟು ತಿನ್ನುವ ಈ ನಟರಿಗೆ ನಾಲ್ಕು ಗೋಡೆ ತಮ್ಮದಿರಲಿ ಅನಿಸುತ್ತಿತ್ತೇನೋ.

ಎಲ್ಲಿಂದ ಶುರು ಮಾಡಲಿ ಅಂದಿರಿ. ಇಡೀ ಚಿತ್ರಕ್ಕೆ ಕೂರುವ ಮೊದಲು ಎರಡು ದೃಶ್ಯ ಮಾತ್ರ ನೋಡಿ: ಅಪ್ಪನಿಗೆ ದೆವ್ವದ ಕಥೆ ಹೇಳುವುದು, ಧರುಮಿಯ ಗೋಳು. ಮೊದಲನೆಯದಕ್ಕೆ ಭಾಷೆಯೇ ಬೇಡ. ಎರಡನೆಯದರ ತಮಿಳು ಸ್ವಲ್ಪ ಹಳೇದು, ಸೊಸೆ ನಿಲ್ಲಿಸಿ ನಿಲ್ಲಿಸಿ ಹೇಳಲಿ. ಶಿವ ಮತ್ತು ಧರುಮಿಯ ಪ್ರಶ್ನೋತ್ತರವನ್ನು ಅವಳು ಬಾಯಿಪಾಠ ಒಪ್ಪಿಸಿದರೂ ಆಶ್ಚರ್ಯಪಡಬೇಡಿ, ಅಲ್ಲಿಯ ಮನೆಮನೆಯಲ್ಲಿ ಅದು ಹಾಗೇ. ಆಮೇಲೆ ಒಂದು ಭಾನುವಾರ 'ಎದಿರ್ ನೀಚ್ಚಲ್', ಪೂರ್ತಿ. 'ಸರ್ವರ್ ಸುಂದರಂ' ಅದರ ನಂತರ. 'ನಮ್ಮವರ್' ಕೊನೆಗೆ ಇಟ್ಟುಕೊಳ್ಳಿ, ರಾತ್ರಿ ಮಲಗುವ ಮುಂಚೆ ಮಾತ್ರ ಬೇಡ.

'ಮಹಳಿರ್ ಮಟ್ಟುಂ' ಹಾಕಿದ ದಿನ ಅತ್ತೆ-ಸೊಸೆ ಇಬ್ಬರೂ ಒಂದು ಪಂದ್ಯ ಕಟ್ಟಿ. ಆ ಹೆಣ ಪರದೆ ಮೇಲೆ ಇರುವಷ್ಟು ಹೊತ್ತೂ ಕಣ್ಣು ರೆಪ್ಪೆಯನ್ನೇ ನೋಡುತ್ತಿರಿ. ಒಂದು ಸಲವಾದರೂ ಅಲುಗಿದ್ದು ಯಾರಿಗೆ ಕಾಣುತ್ತದೋ ಅವರು ಮರುದಿನ ಬೆಳಿಗ್ಗೆ ಕಾಫಿ ಮಾಡಬೇಕಿಲ್ಲ. ನಾನು ಇದುವರೆಗೆ ಗೆದ್ದಿಲ್ಲ.